ಯಂತ್ರ ನೋಡಿಕೊಳ್ಳುವವರು ಯಾರು?

ಸಿಇಟಿ ರ‍್ಯಾಂಕು ಕೈಗೆ ಬಂದು, ಆಪ್ಶನ್ ಎಂಟ್ರಿ ಶುರುವಾಗುವ ಮೊದಲಿನ ಕೆಲವು ವಾರ ಇದೆಯಲ್ಲ, ಆಗ ಶಿರಸಿ, ಕುಮಟಾ, ಅಂಕೋಲಾ ಕಡೆಯ ನೆಂಟರಿಂದ ನನಗೆ ಫೋನು ಜಾಸ್ತಿ. ನಾನು ಓದಿದ್ದು ಮೆಡಿಕಲ್ ಎಲೆಕ್ಟ್ರಾನಿಕ್ಸ್. ಕೆಲಸ ಒಂದು ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿ, ಅಂದರೆ ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ. ಈ ಸಲ ಕೇಳಿದವನು ಅಕ್ಕನ ಮಗ. "ಚಿಕ್ಕಿ, ಬಯೋಮೆಡಿಕಲ್ ತಗಂಡ್ರೆ ಮುಂದೆ ಎಂತ ಕೆಲ್ಸ ಸಿಗ್ತು?" ಅಂದ. ಹಿಂದಿನಿಂದ ಅಕ್ಕನ ದನಿ: "ನೀಟ್ ಅಂತೂ ಆಗ್ಲಿಲ್ಲೆ, ಇದಾದ್ರೂ ಡಾಕ್ಟರ್ ಕೆಲ್ಸದ ಹತ್ರ ಇದ್ದಲ."

ಅಕ್ಕನ ಮಾತು ಅವಳೊಬ್ಬಳದೇ ಅಲ್ಲ. ನಮ್ಮ ಕಡೆ ಹೆಚ್ಚಿನವರು ಹಾಗೇ ತಿಳಿದಿದ್ದಾರೆ. ವೈದ್ಯಕೀಯ ಸೀಟು ಸಿಗದಿದ್ದರೆ ಸಮಾಧಾನಕ್ಕೆ ಇದೊಂದು ಕೋರ್ಸು ಅಂತ. ಆ ತಿಳುವಳಿಕೆಯಿಂದ ಸೇರಿದ ಮಕ್ಕಳು ಎರಡನೇ ಸೆಮಿಸ್ಟರ್‌ನಲ್ಲೇ ಕಂಗಾಲಾಗುವುದನ್ನು ನೋಡಿದ್ದೇನೆ. ಕಾರಣ ಇಷ್ಟೇ. ಇದು ಎಂಜಿನಿಯರಿಂಗ್. ಸಿಇಟಿಯಲ್ಲಿ ಇದಕ್ಕೆ ಲೆಕ್ಕಕ್ಕೆ ಬರುವುದು ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ. ಬಯಾಲಜಿಯಲ್ಲಿ ಎಷ್ಟೇ ಅಂಕ ಇದ್ದರೂ ಈ ಸೀಟಿಗೆ ಅದು ಸಹಾಯಕ್ಕೆ ಬರುವುದಿಲ್ಲ. ಮೊದಲ ಎರಡು ವರ್ಷ ಸರ್ಕ್ಯೂಟು, ಸಿಗ್ನಲ್, ಅದರ ಗಣಿತವಾದ ಟ್ರಾನ್ಸ್‌ಫಾರ್ಮು, ಪ್ರೋಗ್ರಾಮಿಂಗು. ನಡುವೆ ಅಂಗರಚನೆ ಮತ್ತು ಶರೀರಕ್ರಿಯೆಯ ಒಂದೆರಡು ಪೇಪರು. ಗಣಿತದಿಂದ ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದವರಿಗೆ ಗಣಿತವೇ ಎದುರಾಗುತ್ತದೆ.

ಆದರೆ ಎಲೆಕ್ಟ್ರಾನಿಕ್ಸ್ ಇಷ್ಟವಿದ್ದು, ಮನುಷ್ಯನ ಮೈ ಹೇಗೆ ನಡೆಯುತ್ತದೆ ಅನ್ನುವ ಕುತೂಹಲವೂ ಇದ್ದರೆ, ಇದರಷ್ಟು ಚಂದದ ಓದು ಇನ್ನೊಂದಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಇಸಿಜಿಯನ್ನೇ ನೋಡಿ. ಎದೆ, ಕೈ, ಕಾಲಿಗೆ ಅಂಟಿಸುವ ಆ ತಂತಿಗಳಿಗೆ ಸಿಗುವ ಹೃದಯದ ಸಿಗ್ನಲ್ ಸುಮಾರು ಒಂದು ಮಿಲಿವೋಲ್ಟ್. ಅಂದರೆ ವೋಲ್ಟಿನ ಸಾವಿರದ ಒಂದು ಪಾಲು. ಅದೇ ಕೋಣೆಯ ಗೋಡೆಯಲ್ಲಿ 230 ವೋಲ್ಟಿನ ವೈರು ಓಡುತ್ತಿದೆ. ಅದರಿಂದ ರೋಗಿಯ ಮೈಮೇಲೆ ಬಂದು ಕೂರುವ 50 ಹರ್ಟ್ಸ್ ಗದ್ದಲ ಹೃದಯದ ಸಿಗ್ನಲ್‌ಗಿಂತ ನೂರಾರು ಪಟ್ಟು ದೊಡ್ಡದಿರಬಹುದು. ಆ ಗದ್ದಲದೊಳಗಿಂದ ಹೃದಯವನ್ನು ಮಾತ್ರ ಹೆಕ್ಕಿ ತೆಗೆಯಬೇಕು. ಬಲಗಾಲಿಗೆ ಹಾಕುವ ತಂತಿ ಹೃದಯವನ್ನು ಅಳೆಯುವುದೇ ಇಲ್ಲ ಅಂತ ಗೊತ್ತಾದ ದಿನ ನನಗೆ ಆದ ಖುಷಿ ಈಗಲೂ ನೆನಪಿದೆ. ಯಂತ್ರ ಎಲ್ಲ ತಂತಿಗಳಲ್ಲೂ ಸಮಾನವಾಗಿ ಕಾಣುವ ಗದ್ದಲವನ್ನು ಗುರುತಿಸಿ, ಅದನ್ನು ತಿರುಗಿಸಿ, ಬಲಗಾಲಿನ ಮೂಲಕ ಮೈಗೇ ವಾಪಸ್ ಕಳಿಸುತ್ತದೆ. ಎರಡೂ ಸೇರಿ ಗದ್ದಲ ಕುಗ್ಗುತ್ತದೆ. ಬ್ಲಾಕ್‌ಬೋರ್ಡಿನ ಮೇಲೆ ಒಣ ಲೆಕ್ಕದಂತೆ ಕಂಡ ಆಂಪ್ಲಿಫೈಯರ್ ಪಾಠ ಒಬ್ಬ ಮನುಷ್ಯನ ಎದೆಬಡಿತವಾಗಿ ಕಾಗದದ ಮೇಲೆ ಬರುತ್ತದೆ.

ಈ ಇಸಿಜಿಗೆ ದೊಡ್ಡ ಚರಿತ್ರೆ ಇದೆ. ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನ ವಿಲ್ಲೆಮ್ ಐಂಥೋವೆನ್ ಶುರುವಿನಲ್ಲಿ ಬಳಸುತ್ತಿದ್ದ ಯಂತ್ರ ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡೂ ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂರಬೇಕಿತ್ತು. ಆಸ್ಪತ್ರೆಯ ರೋಗಿಯನ್ನು ಅಷ್ಟು ಭಾರದ ಯಂತ್ರದ ಬಳಿಗೆ ತರುವುದು ಕಷ್ಟ ಅಂತ ಅವರು 1905ರ ಹೊತ್ತಿಗೆ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ತಮ್ಮ ಲ್ಯಾಬಿಗೆ ಟೆಲಿಫೋನ್ ತಂತಿಯಲ್ಲೇ ಹೃದಯದ ಸಿಗ್ನಲ್ ತರಿಸಿದರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ರೋಗಿ ಒಂದು ಕಡೆ, ತಜ್ಞ ಇನ್ನೊಂದು ಕಡೆ, ನಡುವೆ ತಂತಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಚಿತ್ರ ಬೇಗ ಅರ್ಥವಾಗುತ್ತದೆ ಅಲ್ವಾ? ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಂದ ವಾಟ್ಸಾಪ್‌ನಲ್ಲಿ ಬರುವ ಇಸಿಜಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದ್ದು ಇದೇ ದಾರಿಯ ಕೆಲಸ. 2023ರಲ್ಲಿ ಸರ್ಕಾರ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಹಾಗೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ದೂರದ ತಜ್ಞರು ನೋಡಿ ಹೇಳುತ್ತಾರೆ, ಬೇಕಾದ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ.

ಆದರೆ ಇಸಿಜಿ ಕಾಗದದ ತುಂಬ ಗದ್ದಲವೇ ಬಂದರೆ ಮಂಗಳೂರಿನ ತಜ್ಞರಾದರೂ ಏನು ಹೇಳಿಯಾರು? ಕಟ್ಟಡದ ಅರ್ಥಿಂಗ್ ಸರಿ ಇಲ್ಲ. ಎಲೆಕ್ಟ್ರೋಡ್ ಒಣಗಿದೆ. ಕೇಬಲ್ ಒಳಗೆ ತುಂಡಾಗಿದೆ. ಇಂಥ ಸಣ್ಣ ಸಂಗತಿಗಳನ್ನು ನೋಡುವವರು ಅಲ್ಲಿ ಬೇಕು. ನಾನು ಹೇಳಬೇಕೆಂದಿರುವುದು ಈ ವಿಷಯವನ್ನೇ.

ಉತ್ತರ ಕನ್ನಡದಲ್ಲಿ ದೊಡ್ಡ ಆಸ್ಪತ್ರೆಗಾಗಿ ಎಷ್ಟು ವರ್ಷದಿಂದ ಕೂಗು ಇದೆ ಅನ್ನುವುದು ನಮಗೆಲ್ಲ ಗೊತ್ತು. 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಜಿಲ್ಲೆಯ ಯುವಕರು ದೊಡ್ಡ ಅಭಿಯಾನ ಮಾಡಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನ ಬಳಿ ಮಳೆಯಲ್ಲಿ ಜಾರಿ ನಾಲ್ವರು ತೀರಿಕೊಂಡ ಮೇಲೆ ಆ ಕೂಗು ಸಿಟ್ಟಾಯಿತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟು, ಹೃದಯಾಘಾತ, ಹುಟ್ಟಿದ ಮಗುವಿನ ಉಸಿರಾಟದ ತೊಂದರೆ ಅಂದರೆ ಕಾರವಾರದವರು ಗೋವಾಕ್ಕೆ, ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಓಡುವುದು ತಪ್ಪಿಲ್ಲ. ಅರಬೈಲ್ ಘಟ್ಟ, ದೇವಿಮನೆ ಘಟ್ಟ ರಾತ್ರಿ ಹೊತ್ತಿನಲ್ಲಿ ಎಷ್ಟು ಉದ್ದ ಅಂತ ಆಂಬುಲೆನ್ಸಿನಲ್ಲಿ ಕೂತವರಿಗೇ ಗೊತ್ತು. ಆಸ್ಪತ್ರೆ ಬೇಕು. ಅದರಲ್ಲಿ ಎರಡು ಮಾತಿಲ್ಲ.

ಈ ಹೋರಾಟದ ಮಾತುಗಳಲ್ಲಿ ಕಟ್ಟಡ ಇರುತ್ತದೆ, ತಜ್ಞ ವೈದ್ಯರು ಇರುತ್ತಾರೆ, ಯಂತ್ರಗಳೂ ಇರುತ್ತವೆ. ಯಂತ್ರ ನೋಡಿಕೊಳ್ಳುವವರು ಮಾತ್ರ ಇರುವುದಿಲ್ಲ. ಕೇಂದ್ರದ ಆರೋಗ್ಯ ಇಲಾಖೆ ಕೆಲವು ವರ್ಷಗಳ ಹಿಂದೆ 29 ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳ ಯಂತ್ರಗಳನ್ನು ಎಣಿಸಿತು. ಏಳೂವರೆ ಲಕ್ಷಕ್ಕೂ ಹೆಚ್ಚು ಯಂತ್ರ. ಅವುಗಳಲ್ಲಿ ಕೆಲಸ ಮಾಡದೆ ಬಿದ್ದಿದ್ದವು ರಾಜ್ಯದಿಂದ ರಾಜ್ಯಕ್ಕೆ ಶೇಕಡಾ 13ರಿಂದ 34. ಅಂದರೆ ಕೆಲವು ಕಡೆ ಮೂರರಲ್ಲಿ ಒಂದು. ದುಡ್ಡು ಕೊಟ್ಟು ತಂದ, ಯಾರದೋ ಜೀವಕ್ಕೆ ಬೇಕಾದ ಯಂತ್ರಗಳು ಇವು. 2015ರಲ್ಲಿ ಶುರುವಾದ ಬಯೋಮೆಡಿಕಲ್ ಸಲಕರಣೆ ನಿರ್ವಹಣಾ ಕಾರ್ಯಕ್ರಮ ಇದಕ್ಕೇ ಇರುವುದು. ಅದರ ಪ್ರಕಾರ ಜಿಲ್ಲಾ ಆಸ್ಪತ್ರೆಯ ಯಂತ್ರಗಳು ಶೇಕಡಾ 95, ಸಮುದಾಯ ಆರೋಗ್ಯ ಕೇಂದ್ರದವು 90, ಪ್ರಾಥಮಿಕ ಆರೋಗ್ಯ ಕೇಂದ್ರದವು 80ರಷ್ಟು ಹೊತ್ತು ಸುಸ್ಥಿತಿಯಲ್ಲಿರಬೇಕು. ಹೇಳುವುದು ಸುಲಭ. ಜೂನ್ ತಿಂಗಳಲ್ಲಿ ಕರಾವಳಿಗೆ ಬಂದು ನೋಡಿ.

ನಮ್ಮ ಮಳೆಗಾಲ ಯಂತ್ರಗಳಿಗೆ ಆಗಿಬರುವುದಿಲ್ಲ. ನಾಲ್ಕು ತಿಂಗಳು ಗಾಳಿಯಲ್ಲಿ ನೀರು ತುಂಬಿರುತ್ತದೆ. ಕಡಲ ಹತ್ತಿರವಾದರೆ ಆ ಗಾಳಿಯಲ್ಲಿ ಉಪ್ಪೂ ಇರುತ್ತದೆ. ಸರ್ಕ್ಯೂಟ್ ಬೋರ್ಡಿನ ಮೇಲೆ ಉಪ್ಪು ಮತ್ತು ತೇವ ಸೇರಿದರೆ ತಾಮ್ರದ ಗೆರೆಗಳು ಹಸಿರುಗಟ್ಟಿ ಸವೆಯುತ್ತವೆ, ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ. ಕರೆಂಟು ಹೋಗಿ ಬರುವಾಗ ವೋಲ್ಟೇಜ್ ಏರಿಳಿದು ಪವರ್ ಸಪ್ಲೈ ಸುಡುತ್ತದೆ. ಸಿಡಿಲು ಬೇರೆ. ಚಿರೆಕಲ್ಲಿನ ನೆಲದಲ್ಲಿ ಬೇಸಿಗೆ ಬಂದರೆ ಅರ್ಥಿಂಗ್ ಗುಂಡಿ ಒಣಗಿ ಸರಿಯಾದ ಅರ್ಥ್ ಸಿಗುವುದು ಕಷ್ಟ. ಮನೆಯಲ್ಲಾದರೆ ಮಿಕ್ಸರ್ ಸ್ವಲ್ಪ ಜುಮ್ ಅಂದರೂ ನಡೆದುಹೋಗುತ್ತದೆ. ಆಸ್ಪತ್ರೆಯಲ್ಲಿ ಹಾಗಲ್ಲ. ಯಂತ್ರದಿಂದ ರೋಗಿಯ ಮೈಗೆ ಸೋರುವ ಕರೆಂಟು ಸಾಮಾನ್ಯ ಸ್ಥಿತಿಯಲ್ಲಿ 100 ಮೈಕ್ರೋ ಆಂಪಿಯರ್ ದಾಟಬಾರದು. ಹೃದಯಕ್ಕೆ ನೇರ ತಾಗುವ ಸಲಕರಣೆಯಾದರೆ 10. ನಮ್ಮ ಬೆರಳಿಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಅದು. ಅದಕ್ಕೆ ಬೇರೆಯದೇ ಪರೀಕ್ಷಾ ಉಪಕರಣ ಇರುತ್ತದೆ. ಅದನ್ನು ಹಿಡಿದು ವಾರ್ಡಿನಿಂದ ವಾರ್ಡಿಗೆ ಹೋಗಿ ಒಂದೊಂದೇ ಯಂತ್ರವನ್ನು ಪರೀಕ್ಷಿಸುವುದು ನನ್ನ ಕೆಲಸದ ಒಂದು ಭಾಗ.

ಆಕ್ಸಿಜನ್ ಕಾನ್ಸಂಟ್ರೇಟರ್ ವಿಷಯ ಹೇಳಲೇಬೇಕು. 2021ರ ಎರಡನೇ ಅಲೆಯಲ್ಲಿ ಊರೂರಿಗೆ ಅವು ದಾನವಾಗಿ ಬಂದವು. ಅದರೊಳಗೆ ಜಿಯೋಲೈಟ್ ಅನ್ನುವ ಸಣ್ಣ ಸಣ್ಣ ಕಾಳುಗಳಿವೆ. ಕೋಣೆಯ ಗಾಳಿಯನ್ನು ಒತ್ತಡದಲ್ಲಿ ಅವುಗಳ ಮೂಲಕ ಹಾಯಿಸಿದರೆ ಸಾರಜನಕ ಅಲ್ಲೇ ನಿಂತು, ಸುಮಾರು ಶೇಕಡಾ 93ರಷ್ಟು ಆಮ್ಲಜನಕ ಹೊರಗೆ ಬರುತ್ತದೆ. ಆದರೆ ಈ ಕಾಳುಗಳಿಗೆ ಸಾರಜನಕಕ್ಕಿಂತ ನೀರು ಹೆಚ್ಚು ಪ್ರೀತಿ. ತೇವ ಹೊಕ್ಕಿತೆಂದರೆ ಸಾರಜನಕ ಹಿಡಿಯುವ ಶಕ್ತಿ ಹೋಗುತ್ತದೆ. ಯಂತ್ರ ಸದ್ದು ಮಾಡುತ್ತಲೇ ಇರುತ್ತದೆ, ಗಾಳಿಯೂ ಬರುತ್ತಿರುತ್ತದೆ, ಆಮ್ಲಜನಕ ಮಾತ್ರ ಕಡಿಮೆ. ನೋಡುವವರಿಗೆ ಗೊತ್ತಾಗುವುದಿಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಮಳೆಗಾಲದ ಸ್ಟೋರ್ ರೂಮಿನಲ್ಲಿ ತಿಂಗಳುಗಟ್ಟಲೆ ಓಡಿಸದೆ ಇಟ್ಟ ಕಾನ್ಸಂಟ್ರೇಟರ್ ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಡಯಾಲಿಸಿಸ್‌ನಲ್ಲಿ ಯಂತ್ರಕ್ಕಿಂತ ನೀರು ದೊಡ್ಡ ವಿಷಯ. ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ, ನಾಲ್ಕು ಗಂಟೆ. ಒಬ್ಬ ರೋಗಿಯ ಒಂದು ಸರದಿಗೆ 120 ಲೀಟರ್. ಒಂದು ತೆಳು ಪೊರೆಯ ಆಚೆ ರೋಗಿಯ ರಕ್ತ, ಈಚೆ ಈ ನೀರು. ಕುಡಿಯುವ ನೀರಿನಲ್ಲಿ ನಡೆಯುವ ಕ್ಲೋರಿನ್, ಕ್ಲೋರಮೈನ್ ಇಲ್ಲಿ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಹಾಗಾಗಿ ಕಾರ್ಬನ್ ಫಿಲ್ಟರ್, ಸಾಫ್ಟನರ್, ಆರ್‌ಒ ಎಲ್ಲ ಸಾಲಾಗಿ ಬೇಕು, ದಿನಾ ಪರೀಕ್ಷೆಯೂ ಬೇಕು. ಕಡಲತಡಿಯ, ಹೊಳೆಬಾಯಿಯ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದು ನಮಗೆ ಹೊಸದಲ್ಲ. ಅಂಥ ನೀರು ಬಂದಾಗ ಆರ್‌ಒ ಪೊರೆ ಬೇಗ ಸೋಲುತ್ತದೆ. ಬೆಂಗಳೂರಿನಲ್ಲಿ ಕೂತು ಬರೆದ ನಿರ್ವಹಣಾ ವೇಳಾಪಟ್ಟಿ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿನ ನೀರು, ಇಲ್ಲಿನ ಗಾಳಿ ಗೊತ್ತಿರುವ ಎಂಜಿನಿಯರ್ ಬೇಕು. ಕುಮಟಾದಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದ ದಿನ ಬಹಳ ಸದ್ದಿನದು. ಬೆಳಿಗ್ಗೆ ಐಸಿಯು, ಆಪರೇಷನ್ ಥಿಯೇಟರಿನ ಸುತ್ತು. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜ್ ಆಗುತ್ತದಾ, ವೆಂಟಿಲೇಟರ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಅನಸ್ತೇಶಿಯಾ ಯಂತ್ರ ಸೋರುತ್ತಿದೆಯಾ ಅಂತ ನೋಡುವುದು. ಆಮೇಲೆ ದೂರುಗಳು. ಹೆಚ್ಚಿನವು ದೊಡ್ಡ ಯಂತ್ರದವಲ್ಲ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಎಸ್‌ಪಿಒ2 ಪ್ರೋಬಿನ ತಂತಿ ತುಂಡು, ಬಿಪಿ ಕಫ್ ಸೋರಿಕೆ, ಸಿರಿಂಜ್ ಪಂಪಿನ ಅಲಾರಂ. ಸಿಸ್ಟರ್‌ಗಳ ಜೊತೆ ಒಳ್ಳೆಯ ಸಂಬಂಧ ಇಲ್ಲದಿದ್ದರೆ ಈ ಕೆಲಸ ಆಗುವುದಿಲ್ಲ. ಯಂತ್ರದ ಬುದ್ಧಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. "ಇದು ನಿನ್ನೆಯಿಂದ ಒಂದು ಥರಾ ಮಾಡ್ತಿದೆ ಮೇಡಂ" ಅಂತ ಒಬ್ಬರು ಅಂದರೆ ನಾನು ಕೈಲಿದ್ದ ಕೆಲಸ ಬಿಟ್ಟು ಹೋಗುತ್ತೇನೆ. ಕಾಗದದ ಕೆಲಸವೂ ಬಹಳ. ಯಾವ ಯಂತ್ರ ಯಾವಾಗ ಬಂತು, ವಾರಂಟಿ ಯಾವಾಗ ಮುಗಿಯುತ್ತದೆ, ಅಳತೆ ಸರಿ ಇದೆಯಾ ಅಂತ ನೋಡುವ ಕ್ಯಾಲಿಬ್ರೇಷನ್ ಯಾವಾಗ, ಎಎಂಸಿ ಅಂದರೆ ವರ್ಷದ ನಿರ್ವಹಣೆಯ ಒಪ್ಪಂದ ಯಾರದು. ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಗೆ ಬರುವವರು ಮೊದಲು ಕೇಳುವ ಕಡತಗಳಲ್ಲಿ ಇವೂ ಸೇರಿವೆ. ಎಕ್ಸ್‌ರೇ, ಸಿಟಿ ಕೋಣೆಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ವಿಕಿರಣ ಅಂದರೆ ನಮ್ಮ ಜಿಲ್ಲೆಯವರಿಗೆ ಕೈಗಾ ಅಣುಸ್ಥಾವರ ನೆನಪಾಗುತ್ತದೆ. ಕೈಗಾದ ಸುರಕ್ಷತೆ ನೋಡುವ ಅದೇ ಮಂಡಳಿ ಕುಮಟಾದ ಸಣ್ಣ ಕ್ಲಿನಿಕ್ಕಿನ ಎಕ್ಸ್‌ರೇ ಕೋಣೆಯ ಗೋಡೆ ಎಷ್ಟು ದಪ್ಪ ಅಂತಲೂ ಕೇಳುತ್ತದೆ.

ಅಕ್ಕನ ಮಗ ಕೇಳಿದ್ದು ಕೆಲಸದ ಬಗ್ಗೆ. ಆಸ್ಪತ್ರೆ ಒಂದೇ ದಾರಿಯಲ್ಲ. ಯಂತ್ರ ಮಾರುವ ಕಂಪನಿಗಳಲ್ಲಿ ಸರ್ವಿಸ್ ಎಂಜಿನಿಯರ್‌ಗಳು ಬೇಕು. ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು, ನಾಲ್ಕು ಜಿಲ್ಲೆಯ ಓಡಾಟ. ವೈದ್ಯರಿಗೆ ಹೊಸ ಯಂತ್ರ ಬಳಸಲು ಕಲಿಸುವ ಅಪ್ಲಿಕೇಶನ್ ಸ್ಪೆಷಲಿಸ್ಟ್ ಕೆಲಸ ಮಾತು ಬಲ್ಲವರಿಗೆ ಒಳ್ಳೆಯದು. ಬೆಂಗಳೂರಿನಲ್ಲಿ ಜಿಇ, ಫಿಲಿಪ್ಸ್, ಸೀಮೆನ್ಸ್‌ನಂಥ ಕಂಪನಿಗಳ ದೊಡ್ಡ ಕೇಂದ್ರಗಳಿವೆ. ಅಲ್ಲಿ ಸಿಟಿ, ಎಂಆರ್‌ಐ ಯಂತ್ರಗಳ ಸಾಫ್ಟ್‌ವೇರ್, ಚಿತ್ರ ಸಂಸ್ಕರಣೆಯ ಕೆಲಸ. ಮೈಸೂರಿನ ಸ್ಕ್ಯಾನ್‌ರೇ ನಮ್ಮದೇ ರಾಜ್ಯದ ಕಂಪನಿ. 2020ರಲ್ಲಿ ಬೆಂಗಳೂರಿನ ಬಿಇಎಲ್ ತಯಾರಿಸಿ ಕೊಟ್ಟ 30,000 ವೆಂಟಿಲೇಟರ್‌ಗಳ ಹಿಂದೆ ಅವರ ವಿನ್ಯಾಸವಿತ್ತು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ನಿಯಮಾವಳಿಯದ್ದು. ವೈದ್ಯಕೀಯ ಸಲಕರಣೆಗಳ ನಿಯಮ 2017ರಲ್ಲಿ ಬಂದು 2018ರ ಜನವರಿಯಿಂದ ಜಾರಿಯಾಯಿತು. ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ಹೃದಯದ ಕವಾಟ, ಸ್ಟೆಂಟು ಡಿ ವರ್ಗದವು. ಯಂತ್ರ ಕೆಟ್ಟರೆ ಏನೇನಾಗಬಹುದು ಅಂತ ಮೊದಲೇ ಯೋಚಿಸಿ, ಪರೀಕ್ಷಿಸಿ, ಬರೆದಿಟ್ಟು, ಸರ್ಕಾರಕ್ಕೆ ತೋರಿಸಬೇಕು. ತಾಳ್ಮೆಯಿಂದ ಓದಿ ಬರೆಯುವವರಿಗೆ ಇಲ್ಲಿ ಕೆಲಸ ಇದೆ, ಮುಂದೆಯೂ ಇರುತ್ತದೆ.

ಸಂಬಳದ ಮಾತು ಮುಚ್ಚಿಡುವುದಿಲ್ಲ. ಆಸ್ಪತ್ರೆಯಲ್ಲಿ ಶುರುವಿನ ಸಂಬಳ ಸಾಫ್ಟ್‌ವೇರ್‌ಗೆ ಹೋಲಿಸಿದರೆ ಕಡಿಮೆ. ನನ್ನ ಜೊತೆ ಓದಿದವರಲ್ಲಿ ಬಹಳ ಜನ ಈಗ ಐಟಿಯಲ್ಲಿದ್ದಾರೆ. ಮನೆಯ ಸಾಲ ತೀರಿಸಬೇಕಾದವರಿಗೆ ನಾನು ಹೇಗೆ ಬೇಡ ಅನ್ನಲಿ? ನಾನು ಮೊದಲು ಸೇರಿದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಎಂಜಿನಿಯರ್‌ಗೂ ಲಿಫ್ಟ್, ಎಸಿ ರಿಪೇರಿಯವರಿಗೂ ವ್ಯತ್ಯಾಸವೇ ಇರಲಿಲ್ಲ. ಬಲ್ಬು ಹೋದರೂ ನಮ್ಮನ್ನೇ ಕರೆಯುತ್ತಿದ್ದರು. ಹೊಸ ಯಂತ್ರ ಖರೀದಿಸುವಾಗ ಮಾತ್ರ ಕೇಳುತ್ತಿರಲಿಲ್ಲ. ಯಾವುದು ಇಲ್ಲಿನ ತೇವಕ್ಕೆ ನಿಲ್ಲುತ್ತದೆ, ಯಾವುದರ ಬಿಡಿಭಾಗ ಎರಡು ದಿನದಲ್ಲಿ ಬರುತ್ತದೆ ಅಂತ ಹೇಳಬಲ್ಲವರನ್ನು ಹೊರಗಿಟ್ಟು ಯಂತ್ರ ಕೊಳ್ಳುವುದು ಸರಿಯಲ್ಲ. ಇದು ಬದಲಾಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹುದ್ದೆಗಳು ಕಾಯಂ ಆಗಬೇಕು. ದೊಡ್ಡ ಆಸ್ಪತ್ರೆಗಾಗಿ ಮನವಿ ಕೊಡುವ ನಮ್ಮ ಜಿಲ್ಲೆಯ ಸಂಘಟನೆಗಳು ಆ ಪತ್ರದಲ್ಲಿ ಈ ಒಂದು ಸಾಲನ್ನೂ ಸೇರಿಸಲಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಸಂಶೋಧನೆಯ ದಾರಿ ಉದ್ದ, ಆದರೆ ಅಲ್ಲಿ ಆದ ಕೆಲಸಗಳು ದೊಡ್ಡವು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ಹೃದಯದ ಕೃತಕ ಕವಾಟ ತಯಾರಾಯಿತು. ಆಗ ಹೊರದೇಶದ ಕವಾಟ ನಮ್ಮ ಬಡ ರೋಗಿಗಳ ಕೈಗೆ ಎಟುಕುತ್ತಿರಲಿಲ್ಲ. ನಿಮಿಷಕ್ಕೆ 72 ಸಲದಂತೆ ಲೆಕ್ಕ ಹಾಕಿದರೆ ಒಂದು ಕವಾಟ ವರ್ಷಕ್ಕೆ ಹತ್ತಿರ ಹತ್ತಿರ 3.8 ಕೋಟಿ ಸಲ ತೆರೆದು ಮುಚ್ಚಬೇಕು. ಸವೆಯಬಾರದು, ರಕ್ತ ಹೆಪ್ಪುಗಟ್ಟಿಸಬಾರದು. ಮೊದಲ ಮಾದರಿಗಳು ಸೋತವು. ಒಂದೊಂದು ಸೋಲಿಗೂ ವಸ್ತು ಬದಲಿಸುತ್ತ ಹೋದರು. ಕೊನೆಗೆ ಲೋಹದ ಚೌಕಟ್ಟಿನೊಳಗೆ ಓಲಾಡುವ ಒಂದು ವಿಶೇಷ ಪ್ಲಾಸ್ಟಿಕ್ಕಿನ ಬಿಲ್ಲೆ ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಆಮೇಲೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅದು ಸಿಕ್ಕಿದೆ. ಶಸ್ತ್ರಚಿಕಿತ್ಸಕರು, ಲೋಹ ಬಲ್ಲವರು, ಎಂಜಿನಿಯರ್‌ಗಳು ಒಂದೇ ಮೇಜಿನ ಸುತ್ತ ಕೂತು ವರ್ಷಗಟ್ಟಲೆ ಹಿಡಿದ ಹಟ ಅದು. ವಲಿಯತ್ತಾನ್ ಆಮೇಲೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ನಮ್ಮ ಕರಾವಳಿಗೇ ಬಂದರು.

ಯಂತ್ರ ಎಲ್ಲಿ, ಯಾರಿಗಾಗಿ ತಯಾರಾಯಿತು ಅನ್ನುವುದು ಎಷ್ಟು ಮುಖ್ಯ ಅಂತ ಪಲ್ಸ್ ಆಕ್ಸಿಮೀಟರ್ ನೋಡಿದರೆ ಗೊತ್ತಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂತಲ್ಲ, ಅದೇ. ಜಪಾನಿನ ತಾಕುವೊ ಅವೊಯಾಗಿ ಬೇರೇನನ್ನೋ ಅಳೆಯಲು ಹೊರಟಿದ್ದರು. ನಾಡಿಬಡಿತದ ಏರಿಳಿತ ಅವರ ಅಳತೆಗೆ ಅಡ್ಡ ಬರುತ್ತಿತ್ತು. ಆ ಅಡ್ಡಿಯೊಳಗೇ ರಕ್ತದ ಆಮ್ಲಜನಕದ ಲೆಕ್ಕ ಇದೆ ಅಂತ ಕಂಡು 1974ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಬೆರಳಿನ ಮೂಲಕ ಒಂದು ಕೆಂಪು ಬೆಳಕು, ಇನ್ನೊಂದು ಕಣ್ಣಿಗೆ ಕಾಣದ ಅವಗೆಂಪು. ಅಷ್ಟೇ. ಆದರೆ 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಕಪ್ಪು ಚರ್ಮದವರಲ್ಲಿ ಈ ಯಂತ್ರ ಆಮ್ಲಜನಕದ ಕೊರತೆಯನ್ನು ಕಾಣದೆ ಹೋಗುವುದು ಬಿಳಿಯರಲ್ಲಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಅಂತ ತೋರಿಸಿತು. ಬಿಸಿಲಲ್ಲಿ ಗದ್ದೆ, ದೋಣಿ ಅಂತ ದುಡಿಯುವ ನಮ್ಮವರ ಬೆರಳಿಗೆ ಇದು ಎಷ್ಟು ಸರಿಯಾಗಿ ಹೇಳುತ್ತದೆ? ಇದನ್ನು ನಮ್ಮವರೇ ಕೇಳಬೇಕು, ನಮ್ಮವರೇ ಅಳೆಯಬೇಕು.

ಜೈಪುರ ಕಾಲು ಹುಟ್ಟಿದ್ದು ಇಂಥ ಪ್ರಶ್ನೆಯಿಂದ. 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಥಿ ಸೇರಿ, ಬರಿಗಾಲಲ್ಲಿ ನಡೆಯುವ, ಚಕ್ಕಳಮಕ್ಕಳ ಹಾಕಿ ಕೂರುವ, ನೀರು ಕೆಸರಿಗೆ ಇಳಿಯುವ ಜನರಿಗಾಗಿ ಅದನ್ನು ಮಾಡಿದರು. ಶಿರಸಿ, ಸಿದ್ದಾಪುರದ ತೋಟಗಳಿಗೆ ಬಂದರೆ ನನಗೆ ಇದೇ ಯೋಚನೆ. ಮಳೆಯಲ್ಲಿ ಜಾರುವ ಅಡಿಕೆ ಮರ ಹತ್ತಿ ಕೊಳೆ ಔಷಧಿ ಹೊಡೆಯುವವರು, ಕೊನೆ ಕೊಯ್ಯುವ ಕೊನೆಗೌಡರು ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡರೆ ಮುಂದಿನ ಬದುಕು ಹಾಸಿಗೆಯಲ್ಲಿ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದ ಮೇಲೆ ನಿಂತೇ ಕೆಲಸ ಮಾಡುವವರು ಹೆಚ್ಚಾಗಿದ್ದಾರೆ, ಅದು ದೊಡ್ಡ ಸಮಾಧಾನ. ಆದರೆ ಈಗಾಗಲೇ ಬಿದ್ದವರು ಇದ್ದಾರಲ್ಲ? ಪಟ್ಟಣದ ನುಣುಪು ನೆಲಕ್ಕೆ ಮಾಡಿದ ಗಾಲಿಕುರ್ಚಿ ನಮ್ಮ ಮನೆಯ ಮೆಟ್ಟಿಲು, ಅಂಗಳ, ತೋಟದ ದಾರಿಯಲ್ಲಿ ಒಂದು ಮಾರು ದೂರವೂ ಹೋಗದು. ಐಐಟಿ ಮದ್ರಾಸಿನ ಪುನರ್ವಸತಿ ಸಲಕರಣೆಗಳ ಕೇಂದ್ರ ಒಬ್ಬೊಬ್ಬರ ಮೈಅಳತೆಗೆ ಹೊಂದುವ ನಿಯೋಫ್ಲೈ ಕುರ್ಚಿಯನ್ನೂ, ಅದಕ್ಕೆ ಜೋಡಿಸಿ ರಸ್ತೆಯಲ್ಲಿ ಓಡಿಸುವ ನಿಯೋಬೋಲ್ಟ್ ಅನ್ನೂ ಮಾಡಿದೆ. ಮಲೆನಾಡಿನ ಅಂಗಳಕ್ಕೆ ಹೊಂದುವ ಕುರ್ಚಿ ಇನ್ನೂ ಬರಬೇಕು. ಅದನ್ನು ಮಾಡುವವರು ಈ ಅಂಗಳದಲ್ಲಿ ಆಡಿ ಬೆಳೆದವರಾದರೆ ಎಷ್ಟು ಚೆನ್ನ.

ಇನ್ನು ಎಲ್ಲಿ ಓದುವುದು? ಬೆಂಗಳೂರಿನ ಬಿಎಂಎಸ್, ರಾಮಯ್ಯ, ದಯಾನಂದ ಸಾಗರ್ ಕಾಲೇಜುಗಳಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಹೆಸರಿನಲ್ಲಿ ಈ ಓದು ಇದೆ. ಮಣಿಪಾಲದಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಅಂತಲೇ ಇದೆ. ಪಕ್ಕದಲ್ಲೇ ದೊಡ್ಡ ಆಸ್ಪತ್ರೆ ಇರುವುದು ಅಲ್ಲಿನ ಲಾಭ. 2020ರಿಂದ ಗೇಟ್ ಪರೀಕ್ಷೆಯಲ್ಲಿ ಬಯೋಮೆಡಿಕಲ್‌ಗೆ ಬೇರೆ ಪತ್ರಿಕೆ ಬಂದಿದೆ. ಹಾಗಾಗಿ ಎಂಟೆಕ್ ದಾರಿಯೂ ಮೊದಲಿಗಿಂತ ಸಲೀಸು. ಮನಸ್ಸು ಗಟ್ಟಿ ಇಲ್ಲದವರಿಗೆ ನಾನು ಹೇಳುವುದು ಬೇರೆ. ಎಲೆಕ್ಟ್ರಾನಿಕ್ಸ್ ಅಥವಾ ಮೆಕ್ಯಾನಿಕಲ್ ಬಿಇ ಮಾಡಿ, ಆಮೇಲೂ ಆಸೆ ಉಳಿದಿದ್ದರೆ ಎಂಟೆಕ್‌ನಲ್ಲಿ ಇತ್ತ ಬನ್ನಿ. ಕಾಲೇಜು ನೋಡಲು ಹೋದಾಗ ಕ್ಯಾಂಪಸ್ಸಿನ ಹುಲ್ಲುಹಾಸು ನೋಡಬೇಡಿ. ನಾಲ್ಕು ವರ್ಷದಲ್ಲಿ ಮಕ್ಕಳು ಎಷ್ಟು ವಾರ ಆಸ್ಪತ್ರೆಯೊಳಗೆ ಇರುತ್ತಾರೆ ಅಂತ ಕೇಳಿ. ಲ್ಯಾಬಿನಲ್ಲಿ ಬಿಚ್ಚಿ ನೋಡಲು ನಿಜವಾದ ವೆಂಟಿಲೇಟರ್ ಇದೆಯಾ ಅಂತ ಕೇಳಿ.

ಈಗಾಗಲೇ ಈ ಕೋರ್ಸಿನಲ್ಲಿರುವ ನಮ್ಮ ಜಿಲ್ಲೆಯ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಡುತ್ತೇನೆ. ತೇವ, ಉಷ್ಣತೆ ಅಳೆಯುವ ಸೆನ್ಸರ್ ಮತ್ತು ಒಂದು ಸಣ್ಣ ಮೈಕ್ರೋಕಂಟ್ರೋಲರ್‌ಗೆ ಕೆಲವು ನೂರು ರೂಪಾಯಿ ಸಾಕು. ಅದಕ್ಕೆ ವೋಲ್ಟೇಜ್ ಏರಿಳಿತ ದಾಖಲಿಸುವ ಒಂದು ಭಾಗ ಸೇರಿಸಿ. ಕರೆಂಟು ಹೋದಾಗಲೂ ನಡೆಯಲು ಬ್ಯಾಟರಿ ಇರಲಿ. ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು ಕಡಲ ಬಳಿಯ ಒಂದು ಆರೋಗ್ಯ ಕೇಂದ್ರದಲ್ಲಿ, ಘಟ್ಟದ ಮೇಲಿನ ಇನ್ನೊಂದರಲ್ಲಿ ಯಂತ್ರಗಳಿರುವ ಕೋಣೆಗೆ ಇಡಿ. ಜೊತೆಗೆ ಯಾವ ಯಂತ್ರ ಯಾವ ದಿನ ಕೆಟ್ಟಿತು ಅಂತ ಸಿಸ್ಟರ್‌ಗಳಿಂದ ಕೇಳಿ ಬರೆದುಕೊಳ್ಳಿ. ಜೂನ್‌ನಲ್ಲಿ ಶುರು ಮಾಡಿದರೆ ಸೆಪ್ಟೆಂಬರ್ ಹೊತ್ತಿಗೆ ಒಂದು ಪೂರ್ತಿ ಮಳೆಗಾಲದ ಲೆಕ್ಕ ಕೈಯಲ್ಲಿರುತ್ತದೆ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬರುವ ದಿನ ಐಸಿಯು ಯಾವ ದಿಕ್ಕಿಗಿರಬೇಕು, ಸ್ಟೋರ್ ರೂಮಿಗೆ ತೇವ ಹೀರುವ ಯಂತ್ರ ಬೇಕಾ, ಯುಪಿಎಸ್ ಎಷ್ಟು ದೊಡ್ಡದಿರಬೇಕು ಅಂತ ಹೇಳಲು ಆ ಲೆಕ್ಕ ಬೇಕಾಗುತ್ತದೆ. ಅಳೆಯುವುದರಲ್ಲಿ, ಸೆನ್ಸರ್ ಕೂರಿಸುವುದರಲ್ಲಿ ಸಹಾಯ ಬೇಕಿದ್ದರೆ ಕೇಳಿ, ನಾನು ಬರುತ್ತೇನೆ.